ಚುಕ್ಕೆ ಕೊಕ್ಕಿನ ಬಾತು: ಕೆರೆಯಲ್ಲಿ ಗುರುತಿಸುವುದು ಹೇಗೆ, ಅದರ ಬದುಕನ್ನು ತಿಳಿಯುವುದು ಹೇಗೆ

ಕಾಡುಬಾತು ನೋಡಬೇಕೆಂದರೆ ಚಳಿಗಾಲವೇ ಬರಬೇಕು ಅನ್ನುವವರು ಜಾಸ್ತಿ. ನವೆಂಬರ್ ಬಂತೆಂದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೋ, ತುಂಗಭದ್ರಾ ಹಿನ್ನೀರಿಗೋ ಕ್ಯಾಮೆರಾ ಹೊತ್ತು ಹೊರಡುತ್ತಾರೆ. ಮಾರ್ಚ್ ಕಳೆಯಿತೆಂದರೆ ಕೆರೆಯ ಕಡೆ ತಲೆಯೂ ಹಾಕುವುದಿಲ್ಲ. ಆದರೆ ವರ್ಷವಿಡೀ ನಮ್ಮಲ್ಲೇ ಇದ್ದು, ಇಲ್ಲೇ ಗೂಡು ಮಾಡಿ, ಇಲ್ಲೇ ಮರಿ ಬೆಳೆಸುವ ದೊಡ್ಡ ಬಾತು ಒಂದಿದೆ. ಅದೇ ಚುಕ್ಕೆ ಕೊಕ್ಕಿನ ಬಾತು. ಹಕ್ಕಿ ನೋಡುವವರ ಬಾಯಲ್ಲಿ ಇದು ಬರೀ 'ಸ್ಪಾಟ್‌ಬಿಲ್'. ವೈಜ್ಞಾನಿಕ ಹೆಸರು ಅನಾಸ್ ಪೊಸಿಲೊರಿಂಕಾ. 1781ರಲ್ಲಿ ಫಾರ್ಸ್ಟರ್ ಎಂಬ ನಿಸರ್ಗ ವಿಜ್ಞಾನಿ ಇದನ್ನು ಮೊದಲು ವಿವರಿಸಿ ಹೆಸರಿಟ್ಟ.

ಬಾತುಗಳನ್ನು ಕಲಿಯಲು ಹೊರಟವರಿಗೆ ನಾನು ಹೇಳುವುದು ಇಷ್ಟೇ: ಮೊದಲು ಇದೊಂದನ್ನು ಚೆನ್ನಾಗಿ ಕಲಿಯಿರಿ. ಕಾರಣ ಇದೆ. ವಲಸೆ ಬಾತುಗಳಲ್ಲಿ ಗಂಡಿಗೊಂದು ಬಣ್ಣ, ಹೆಣ್ಣಿಗೊಂದು ಬಣ್ಣ. ಸಾಲದ್ದಕ್ಕೆ ಗಂಡುಗಳು ವರ್ಷದ ಕೆಲವು ತಿಂಗಳು ಬಣ್ಣ ಕಳೆದುಕೊಂಡು ಹೆಣ್ಣಿನ ಹಾಗೇ ಕಾಣುತ್ತವೆ. ಸ್ಪಾಟ್‌ಬಿಲ್‌ನಲ್ಲಿ ಈ ತಲೆನೋವು ಇಲ್ಲ. ಗಂಡು ಹೆಣ್ಣು ಹೆಚ್ಚುಕಮ್ಮಿ ಒಂದೇ ಥರ, ಎಲ್ಲ ಕಾಲದಲ್ಲೂ ಒಂದೇ ಥರ. ಇದರ ಗಾತ್ರ, ಕುಳಿತ ಭಂಗಿ, ಈಜುವ ರೀತಿ ಕಣ್ಣಿಗೆ ರೂಢಿಯಾದ ಮೇಲೆ ಬೇರೆ ಬಾತು ಬಂದರೆ 'ಇದು ಅದಲ್ಲ' ಅಂತ ತಾನಾಗೇ ಗೊತ್ತಾಗುತ್ತದೆ. ಅಳತೆಗೋಲು ಕೈಯಲ್ಲಿದ್ದರೆ ಉಳಿದವನ್ನು ಅಳೆಯುವುದು ಸುಲಭ, ಅಲ್ವಾ?

ಹೊರಡುವ ಮುಂಚೆ

8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ) ಬೈನಾಕ್ಯುಲರ್ ಒಂದಿದ್ದರೆ ಸಾಕು. ದೊಡ್ಡ ಕೆರೆಗೆ ಹೋಗುವಾಗ ಯಾರದಾದರೂ ಸ್ಪಾಟಿಂಗ್ ಸ್ಕೋಪ್ (ಸ್ಟ್ಯಾಂಡಿನ ಮೇಲಿಟ್ಟು ನೋಡುವ ದೂರದರ್ಶಕ) ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ನಡೆಯುತ್ತದೆ. ಸೂರ್ಯ ನಿಮ್ಮ ಬೆನ್ನಿಗಿರಲಿ. ಬೆಳಿಗ್ಗೆಯಾದರೆ ಕೆರೆಯ ಪೂರ್ವ ದಡ, ಸಂಜೆಯಾದರೆ ಪಶ್ಚಿಮ ದಡ. ಎದುರು ಬಿಸಿಲಿಗೆ ನಿಂತರೆ ಎಲ್ಲ ಬಾತೂ ಕಪ್ಪಗೇ ಕಾಣುತ್ತದೆ. ಹತ್ತು ಗಂಟೆಯ ಮೇಲೆ ನೀರಿನ ಮೇಲೆ ಬಿಸಿಗಾಳಿ ಎದ್ದು ಚಿತ್ರ ಕಲಕಿದಂತಾಗುತ್ತದೆ. ಅಷ್ಟರೊಳಗೆ ನೋಡಿ ಮುಗಿಸಿ.

ಎಲ್ಲಿ ನೋಡುವುದು? ಇದಕ್ಕೆ ಅಭಯಾರಣ್ಯಕ್ಕೇ ಹೋಗಬೇಕಿಲ್ಲ. ಮೈಸೂರಿನ ಕುಕ್ಕರಹಳ್ಳಿ, ಲಿಂಗಾಂಬುಧಿ ಕೆರೆಗಳು, ಬೆಂಗಳೂರಿನ ಜಕ್ಕೂರು, ಹೆಸರಘಟ್ಟ, ಹೊಸಪೇಟೆ ಕಡೆಯವರಿಗೆ ಅಂಕಸಮುದ್ರ. ಇವು ಹೆಸರು ಗೊತ್ತಿರುವ ಜಾಗಗಳು ಅಷ್ಟೇ. ಅಂಚಿನಲ್ಲಿ ಜೊಂಡು, ನಡುವೆ ಬಯಲು ನೀರು, ಒಂದು ಬದಿಯಲ್ಲಿ ತೆಳುನೀರು ಇರುವ ಯಾವ ಊರಿನ ಕೆರೆಯಾದರೂ ಸರಿ. ಏರಿಯ ಕಡೆ ನೀರು ಆಳ, ಹಕ್ಕಿ ಕಡಿಮೆ. ಏರಿಯ ಎದುರು ಬದಿ, ಹಳ್ಳ ಬಂದು ಕೆರೆಗೆ ಸೇರುವ ಕಡೆ ಹೋಗಿ. ಹಕ್ಕಿ ಇರುವುದು ಅಲ್ಲೇ.

ಮೊದಲ ಹೆಜ್ಜೆ: ಅದು ಬಾತೇ ಹೌದಾ?

ನೀರಿನ ಮೇಲೆ ತೇಲುವುದೆಲ್ಲ ಬಾತಲ್ಲ. ಮೈಯೆಲ್ಲ ಕಪ್ಪಗಿದ್ದು ಹಣೆಯ ಮೇಲೆ ಬಿಳಿ ಇದ್ದರೆ ಅದು ನಾಮದ ಕೋಳಿ. ಮುಷ್ಟಿಗಾತ್ರದ ಹಕ್ಕಿ ಪುಳಕ್ಕನೆ ಮುಳುಗಿ ಬೇರೆಲ್ಲೋ ಏಳುತ್ತಿದ್ದರೆ ಗುಳುಮುಳುಕ. ಮೈ ನೀರೊಳಗೆ, ಕತ್ತು ಮಾತ್ರ ಹೊರಗೆ ಇದ್ದರೆ ನೀರುಕಾಗೆ. ಈ ಮೂರನ್ನು ಬದಿಗಿಟ್ಟರೆ ಅರ್ಧ ಕೆಲಸ ಮುಗಿಯಿತು.

ಎರಡನೇ ಹೆಜ್ಜೆ: ಮುಳುಗುವ ಬಾತಾ, ಮುಳುಗದ ಬಾತಾ?

ಬಾತುಗಳಲ್ಲಿ ಎರಡು ದೊಡ್ಡ ಗುಂಪು. ಒಂದು ಗುಂಪು ಪೂರ್ತಿ ಮುಳುಗಿ ತಳದಲ್ಲಿ ಮೇಯುತ್ತದೆ. ಪೋಚಾರ್ಡ್‌ಗಳು ಈ ಗುಂಪಿನವು. ಇನ್ನೊಂದು ಗುಂಪು ಮುಳುಗುವುದಿಲ್ಲ. ತಲೆ ಕತ್ತು ನೀರಿಗಿಳಿಸಿ, ಬಾಲ ಮೇಲೆತ್ತಿ, ಅರ್ಧ ಮೈ ತಲೆಕೆಳಗಾಗಿಸಿ ಮೇಯುತ್ತದೆ. ಸ್ಪಾಟ್‌ಬಿಲ್ ಈ ಎರಡನೇ ಗುಂಪಿನದು.

ಮೇಯದೆ ಸುಮ್ನೆ ತೇಲುತ್ತಿದ್ದರೂ ಗುಂಪು ಹೇಳಬಹುದು. ಬಾಲ ನೋಡಿ. ಮುಳುಗದ ಬಾತಿನ ಬಾಲ ನೀರಿನಿಂದ ಮೇಲಕ್ಕೆ ಎದ್ದಿರುತ್ತದೆ, ಮೈ ಹಗುರಾಗಿ ತೇಲುತ್ತದೆ. ಮುಳುಗುವ ಬಾತು ನೀರಿನಲ್ಲಿ ಕುಗ್ಗಿ ಕೂತಿರುತ್ತದೆ, ಬಾಲ ನೀರಿಗೆ ತಾಗುತ್ತಿರುತ್ತದೆ. ಏಳುವ ರೀತಿಯೂ ಬೇರೆ. ಮುಳುಗುವ ಬಾತು ನೀರಿನ ಮೇಲೆ ಪಟಪಟ ಓಡಿ ಆಮೇಲೆ ಹಾರುತ್ತದೆ. ಸ್ಪಾಟ್‌ಬಿಲ್ ನಿಂತ ಜಾಗದಿಂದಲೇ ನೆಟ್ಟಗೆ ಎದ್ದು ಹೋಗುತ್ತದೆ. ಇದಕ್ಕೆಲ್ಲ ಮೂಲ ಕಾಲಿನ ಜಾಗ. ಮುಳುಗುವವಕ್ಕೆ ಕಾಲು ಮೈಯ ಹಿಂಭಾಗದಲ್ಲಿ, ನೀರೊಳಗೆ ತಳ್ಳಿಕೊಂಡು ಹೋಗಲು ಅನುಕೂಲ. ಮುಳುಗದವಕ್ಕೆ ನಡುವಿಗೆ ಹತ್ತಿರ. ಅದಕ್ಕೇ ಇವು ನೆಲದ ಮೇಲೂ ಆರಾಮಾಗಿ ನಡೆಯುತ್ತವೆ, ಗದ್ದೆಗೂ ಹೋಗುತ್ತವೆ.

ಮೂರನೇ ಹೆಜ್ಜೆ: ಹಿಂದಿನಿಂದ ಮುಂದಕ್ಕೆ ನೋಡಿ

ಹೊಸಬರು ಕೊಕ್ಕಿನ ಚುಕ್ಕೆ ಹುಡುಕುತ್ತಾ ನಿಲ್ಲುತ್ತಾರೆ. ಪುಸ್ತಕದ ಚಿತ್ರದಲ್ಲಿ ಎದ್ದು ಕಾಣುವುದು ಅದೇ ತಾನೇ. ಆದರೆ ಕೆರೆಯಲ್ಲಿ ಬಾತು ನೂರಿನ್ನೂರು ಮೀಟರ್ ದೂರ ಇರುತ್ತದೆ. ಹಗಲಿನಲ್ಲಿ ಕೊಕ್ಕನ್ನು ಬೆನ್ನ ಗರಿಯೊಳಗೆ ಹುದುಗಿಸಿ ನಿದ್ದೆ ಮಾಡುತ್ತಿರುತ್ತದೆ. ಎಚ್ಚರ ಇದ್ದಾಗ ಕೊಕ್ಕು ನೀರೊಳಗೆ. ಹಾಗಾಗಿ ಕೊಕ್ಕನ್ನು ಕೊನೆಗೆ ಇಟ್ಟುಕೊಳ್ಳಿ. ನೋಟ ಬಾಲದ ಕಡೆಯಿಂದ ಶುರುವಾಗಲಿ.

ರೆಕ್ಕೆ ಮಡಚಿ ಕೂತಾಗ ಬೆನ್ನಿನ ಹಿಂಭಾಗದಲ್ಲಿ, ಬಾಲದ ಸ್ವಲ್ಪ ಮುಂದೆ, ಬಿಳಿ ಗೆರೆಯೊಂದು ಉದ್ದಕ್ಕೆ ಕಾಣುತ್ತದೆ. ರೆಕ್ಕೆಯಲ್ಲಿ ಮೈಗೆ ಅಂಟಿಕೊಂಡಿರುವ ಗರಿಗಳ ಬಿಳಿ ಅದು. ಕಂದು ಮೈಯ ಮೇಲೆ ಈ ಬಿಳಿ ಎಷ್ಟು ದೂರದಿಂದಲೂ ಕಣ್ಣಿಗೆ ಹೊಡೆಯುತ್ತದೆ. ಮಲಗಿರಲಿ, ಬೆನ್ನು ತಿರುಗಿಸಿರಲಿ, ಜೊಂಡಿನ ನೆರಳಲ್ಲಿರಲಿ, ಇದು ಮರೆಯಾಗುವುದು ಅಪರೂಪ. ದೊಡ್ಡ ಕಂದು ಬಾತು, ಹಿಂದೆ ಬಿಳಿ ಗೆರೆ: ನಮ್ಮ ಕೆರೆಗಳಲ್ಲಿ ಇಷ್ಟಕ್ಕೇ 'ಸ್ಪಾಟ್‌ಬಿಲ್ ಇರಬೇಕು' ಅನ್ನಬಹುದು. ಉಳಿದದ್ದು ಖಾತ್ರಿ ಮಾಡಿಕೊಳ್ಳಲು.

ಆಮೇಲೆ ಮೈ. ಪ್ರತಿ ಗರಿಯ ನಡುವೆ ಗಾಢ ಕಂದು, ಅಂಚಿನಲ್ಲಿ ತಿಳಿ ಬಣ್ಣ. ಹಾಗಾಗಿ ಎದೆ ಮತ್ತು ಪಕ್ಕೆ ಗೆರೆಗೆರೆಯಾಗಿ ಕಾಣುತ್ತವೆ. ಮುಂದಿನಿಂದ ಹಿಂದಕ್ಕೆ ಹೋದಂತೆ ಬಣ್ಣ ಗಾಢವಾಗುತ್ತಾ ಬಾಲದ ಹತ್ತಿರ ಕಪ್ಪಿಗೆ ಹತ್ತಿರವಾಗುತ್ತದೆ. ತಲೆ ಮತ್ತು ಕತ್ತು ಮಾತ್ರ ತಿಳಿ ಬೂದು. ಮುಂಭಾಗ ತಿಳಿ, ಹಿಂಭಾಗ ಗಾಢ ಅನ್ನುವ ಈ ವ್ಯತ್ಯಾಸ ದೂರಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ನೆತ್ತಿ ಗಾಢ. ಕೊಕ್ಕಿನ ಬುಡದಿಂದ ಕಣ್ಣನ್ನು ಹಾದು ಹಿಂದಕ್ಕೆ ಒಂದು ಕಪ್ಪು ಪಟ್ಟಿ.

ಕೊನೆಗೆ ಕೊಕ್ಕು. ಬಣ್ಣ ಕಪ್ಪು, ತುದಿ ಮಾತ್ರ ಅರಿಶಿನದಲ್ಲಿ ಅದ್ದಿ ತೆಗೆದ ಹಾಗೆ ಹಳದಿ. ಈ ಹಳದಿ ತುದಿ ಸಾಕಷ್ಟು ದೂರಕ್ಕೂ ಕಾಣುತ್ತದೆ. ಕೊಕ್ಕಿನ ಬುಡದಲ್ಲಿ, ಹಣೆಗೆ ಸೇರುವ ಕಡೆ, ಎರಡೂ ಬದಿಗೆ ಒಂದೊಂದು ಕೆಂಪು ಚುಕ್ಕೆ. ಇದಕ್ಕೆ ಬೆಳಕೂ ಬೇಕು, ಹತ್ತಿರವೂ ಬೇಕು. ಚುಕ್ಕೆ ಕಾಣಲಿಲ್ಲ ಅಂತ ಗುರುತನ್ನು ಕೈಬಿಡಬೇಡಿ. ದಡಕ್ಕೆ ಹತ್ತಿ ನಿಂತರೆ ಕಾಲು ನೋಡಿ. ಕಿತ್ತಳೆಗೆಂಪು, ಬಿಸಿಲಲ್ಲಿ ಉರಿಯುವಂಥ ಬಣ್ಣ.

ಗಾತ್ರ ಸುಮಾರು 60 ಸೆಂಟಿಮೀಟರ್. ತೂಕ ಒಂದು ಕಿಲೋ ಆಸುಪಾಸು, ದೊಡ್ಡವು ಒಂದೂವರೆ ಕಿಲೋವರೆಗೂ ತೂಗುತ್ತವೆ. ಪಕ್ಕದಲ್ಲಿ ನಾಮದ ಕೋಳಿ ಇದ್ದರೆ ಹೋಲಿಸಿ ನೋಡಿ, ಸ್ಪಾಟ್‌ಬಿಲ್ ಅದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದು.

ನಾಲ್ಕನೇ ಹೆಜ್ಜೆ: ಹಾರುವಾಗ

ಬಾತು ಹಾರಿದಾಗ ನಿಮಗೆ ಸಿಗುವುದು ನಾಲ್ಕೈದು ಸೆಕೆಂಡ್. ಅಷ್ಟರಲ್ಲಿ ಎಲ್ಲವನ್ನೂ ನೋಡಲು ಹೋದರೆ ಏನೂ ನೆನಪಿರುವುದಿಲ್ಲ. ರೆಕ್ಕೆಯ ಹಿಂಅಂಚೊಂದನ್ನೇ ನೋಡಿ. ಅಲ್ಲಿ ಹೊಳೆಯುವ ಹಸಿರು ಪಟ್ಟಿ ಇರುತ್ತದೆ. ಅದರ ಹಿಂದೆ ಮುಂದೆ ಎರಡೂ ಕಡೆ ಬಿಳಿ ಗೆರೆ. ಇದನ್ನೇ ಸ್ಪೆಕ್ಯುಲಂ ಅನ್ನುವುದು. ಮುಳುಗದ ಬಾತುಗಳಲ್ಲಿ ಬಹುತೇಕ ಎಲ್ಲಕ್ಕೂ ತಮ್ಮದೇ ಬಣ್ಣದ ಸ್ಪೆಕ್ಯುಲಂ ಇರುತ್ತದೆ. ಹಾಗಾಗಿ ಹಾರುವ ಬಾತಿಗೆ ಅದೇ ಗುರುತಿನ ಚೀಟಿ.

ರೆಕ್ಕೆಯ ಕೆಳಗಡೆ ಮುಂಭಾಗ ಬೆಳ್ಳಗೆ, ಹಾರುಗರಿಗಳು ಗಾಢ. ತಲೆಯ ಮೇಲಿಂದ ಹಾರಿಹೋದರೆ ಈ ಕಪ್ಪು ಬಿಳುಪು ಚೆನ್ನಾಗಿ ಕಾಣುತ್ತದೆ. ಹಾರಾಟ ನೇರ, ಭಾರ, ಆದರೆ ವೇಗ. ಗುಂಪು ದೊಡ್ಡದಿರುವುದಿಲ್ಲ. ಜೋಡಿ, ಇಲ್ಲಾಂದ್ರೆ ಸಣ್ಣ ಗುಂಪು. ನೀರು ಬತ್ತುವ ಬೇಸಿಗೆಯಲ್ಲಿ ಮಾತ್ರ ಉಳಿದ ಕೆರೆಗಳಿಗೆ ಜಾಸ್ತಿ ಬಂದು ಸೇರುತ್ತವೆ.

ಐದನೇ ಹೆಜ್ಜೆ: ಯಾವುದರ ಜೊತೆ ಗೊಂದಲ?

ಚಳಿಗಾಲದಲ್ಲಿ ಕೆರೆಯಲ್ಲಿ ಕಂದು ಬಣ್ಣದ ಬಾತುಗಳು ಹಲವು ಇರುತ್ತವೆ. ಬಹುತೇಕ ಹೆಣ್ಣುಗಳು. ಪಿನ್‌ಟೇಲ್, ಅಂದರೆ ಸೂಜಿಬಾಲದ ಬಾತಿನ ಹೆಣ್ಣಿಗೆ ಕೊಕ್ಕು ಬರೀ ಬೂದು. ಕತ್ತು ಉದ್ದ, ಸಪೂರ, ಬಾಲ ಮೊನಚು. ಕಣ್ಣಿನ ಪಟ್ಟಿ ಇಲ್ಲದ ಸಾದಾ ಮುಖ. ಶವಲರ್‌ಗೆ ಕೊಕ್ಕೇ ಗುರುತು. ತಲೆಗಿಂತ ಉದ್ದ, ತುದಿಯಲ್ಲಿ ಅಗಲ. ಅದು ಹಾರಿದರೆ ರೆಕ್ಕೆಯ ಮುಂಭಾಗ ತಿಳಿನೀಲಿ. ಗ್ಯಾಡ್‌ವಾಲ್‌ಗೆ ರೆಕ್ಕೆಯಲ್ಲಿ ಚೌಕಾಕಾರದ ಬಿಳಿ ಮಚ್ಚೆ. ಹೊಸಬರಿಗೆ ಹೆಚ್ಚು ಗಲಿಬಿಲಿ ಮಾಡುವುದು ಇದೇ, ಏಕೆಂದರೆ ಕೂತಾಗಲೂ ಆ ಬಿಳಿ ಒಂಚೂರು ಇಣುಕುತ್ತದೆ. ಆದರೆ ಅದು ಪಕ್ಕೆಯ ಕಡೆ, ಸಣ್ಣ ಚೌಕವಾಗಿ ಕಾಣುತ್ತದೆ. ಸ್ಪಾಟ್‌ಬಿಲ್‌ನ ಬಿಳಿ ಬೆನ್ನಿನ ಕಡೆ, ಉದ್ದ ಗೆರೆಯಾಗಿ. ಹೆಣ್ಣು ಗ್ಯಾಡ್‌ವಾಲ್ ಕೊಕ್ಕಿನ ಬದಿಗಳು ಕಿತ್ತಳೆ, ತುದಿ ಹಳದಿ ಅಲ್ಲ.

ಗಾರ್ಗನಿ ಮತ್ತು ಕಾಮನ್ ಟೀಲ್ ಸಣ್ಣವು, 40 ಸೆಂಟಿಮೀಟರ್ ಸುತ್ತಮುತ್ತ. ಅಕ್ಕಪಕ್ಕ ಇದ್ದರೆ ಗೊಂದಲವೇ ಇಲ್ಲ. ಗಾರ್ಗನಿ ಬಗ್ಗೆ ಒಂದು ಮಾತು: ಗಂಡಿನ ಬಿಳಿ ಹುಬ್ಬು ಹುಡುಕುತ್ತಾ ನವೆಂಬರ್‌ನಲ್ಲಿ ಹೋಗಬೇಡಿ. ಆಗ ಹೆಚ್ಚಿನವು ಇನ್ನೂ ಕಂದು ಗರಿಯಲ್ಲೇ ಇರುತ್ತವೆ. ಹುಬ್ಬು ಚೆನ್ನಾಗಿ ಮೂಡುವುದು ಚಳಿಗಾಲದ ಕೊನೆಗೆ. ಸಿಳ್ಳೆ ಬಾತು ಕೆಂಗಂದು ಬಣ್ಣದ್ದು. ಹಾರುವಾಗ ಸಿಳ್ಳೆ ಹಾಕಿ ತಾನೇ ತನ್ನ ಗುರುತು ಹೇಳುತ್ತದೆ.

ಗಂಡು ಯಾವುದು, ಹೆಣ್ಣು ಯಾವುದು?

ಗಂಡಿಗೆ ಕೆಂಪು ಚುಕ್ಕೆ ದೊಡ್ಡದು, ಹೆಣ್ಣಿಗೆ ಸಣ್ಣದು ಅಥವಾ ಮಂಕು. ಎಳೆಯವಕ್ಕೆ ಚುಕ್ಕೆ ಇರುವುದೇ ಇಲ್ಲ. ಜೋಡಿ ಅಕ್ಕಪಕ್ಕ ಇದ್ದಾಗ ಮಾತ್ರ ಈ ಹೋಲಿಕೆ ಮಾಡಿ. ಒಂಟಿ ಹಕ್ಕಿ ನೋಡಿ ಗಂಡು, ಹೆಣ್ಣು ಅಂತ ತೀರ್ಪು ಕೊಡುವುದು ಬೇಡ.

ಸದ್ದು ಕೇಳಿದರೆ ಸುಲಭ. 'ಕ್ವಾಕ್ ಕ್ವಾಕ್' ಅಂತ ಗಟ್ಟಿಯಾಗಿ, ಬರಬರುತ್ತಾ ದನಿ ಇಳಿಸುತ್ತಾ ಕೂಗುವುದು ಹೆಣ್ಣು. ಗಂಡಿನ ಸದ್ದು ಮೆತ್ತಗೆ, ಉಸಿರು ಎಳೆದಂತೆ.

ನೀರಿನ ಆಳವೇ ಇದರ ಬದುಕು

ಹೆಸರು ಗುರುತಿಸಿದ ಮೇಲೆ ಮನೆಗೆ ಹೋಗುವವರೇ ಹೆಚ್ಚು. ನನಗೆ ಕೇಳಿದರೆ ಕೆರೆಯ ಹಕ್ಕಿ ನೋಡುವ ರುಚಿ ಹತ್ತುವುದು ಅದಾದ ಮೇಲೆ. ಅರ್ಧ ಗಂಟೆ ಒಂದೇ ಬಾತನ್ನು ನೋಡುತ್ತಾ ಕೂರಿ.

ಅದು ಎಲ್ಲಿ ಮೇಯುತ್ತಿದೆ? ತಲೆಕೆಳಗಾದ ಬಾತಿನ ಕೊಕ್ಕು ತಳ ಮುಟ್ಟಬೇಕು. ಮುಟ್ಟುವುದು ಕತ್ತು ಮತ್ತು ಅರ್ಧ ಮೈಯ ಉದ್ದದಷ್ಟೇ ಆಳಕ್ಕೆ, ಅಂದರೆ ಒಂದೂವರೆ ಅಡಿ ಆಚೀಚೆ. ಅದಕ್ಕಿಂತ ಆಳದ ನೀರು ಇದಕ್ಕೆ ಮಲಗಲು, ಶತ್ರುವಿನಿಂದ ದೂರ ಇರಲು ಬೇಕೇ ಹೊರತು ಹೊಟ್ಟೆ ತುಂಬಿಸಲು ಅಲ್ಲ. ಊಟವೆಲ್ಲ ಅಂಚಿನಲ್ಲಿ. ಹುಲ್ಲಿನ ಬೀಜ, ಜಲಸಸ್ಯಗಳ ಚಿಗುರು, ಬೇರು, ಗದ್ದೆಯ ಭತ್ತ, ಜೊತೆಗೆ ಹುಳು, ಬಸವನಹುಳು. ಕೊಕ್ಕಿನ ಒಳ ಅಂಚಿನಲ್ಲಿ ಒತ್ತೊತ್ತಾಗಿ ಹಲ್ಲಿನಂಥ ಸಾಲು ಇದೆ. ಬಾಯಿಗೆ ತೆಗೆದುಕೊಂಡ ನೀರು, ಕೆಸರು ಅದರ ನಡುವಿನಿಂದ ಹೊರಗೆ ಹೋಗುತ್ತದೆ, ಕಾಳು ಒಳಗೆ ಉಳಿಯುತ್ತದೆ. ತೆಳುನೀರಿನಲ್ಲಿ ಕೊಕ್ಕನ್ನು ಪಟಪಟ ಆಡಿಸುತ್ತಾ ಮುಂದೆ ಹೋಗುವುದನ್ನು ಕಂಡರೆ ಈ ಸೋಸುವ ಕೆಲಸ ನಡೆದಿದೆ ಎಂದು ತಿಳಿಯಿರಿ.

ಇದು ಗೊತ್ತಾದರೆ ಕೆರೆ 'ಅಭಿವೃದ್ಧಿ'ಯನ್ನು ನೋಡುವ ಕಣ್ಣೇ ಬದಲಾಗುತ್ತದೆ. ಹೂಳು ತೆಗೆಯುವ ಹೆಸರಲ್ಲಿ ಕೆರೆಯನ್ನು ಅಂಚಿನಿಂದಲೇ ಕಡಿದಾಗಿ ತೋಡಿ, ಸುತ್ತ ಕಲ್ಲು ಕಟ್ಟಿ, ಮೇಲೆ ನಡೆಯುವ ಹಾದಿ ಮಾಡಿದರೆ ನೀರೇನೋ ಜಾಸ್ತಿ ನಿಲ್ಲುತ್ತದೆ. ಆದರೆ ಒಂದೂವರೆ ಅಡಿ ಆಳದ ಜಾಗವೇ ಉಳಿಯುವುದಿಲ್ಲ. ಬೆಂಗಳೂರಿನ ಪರಿಸರವಾದಿಗಳು ಇಂಥ ಕೆರೆಯನ್ನು 'ಸೂಪ್ ಬೌಲ್' ಅಂತ ಆಡಿಕೊಳ್ಳುವುದು ಸುಮ್ಮನೆ ಅಲ್ಲ. ಅಲ್ಲಿ ನೀರುಕಾಗೆ ಬದುಕುತ್ತದೆ, ಏಕೆಂದರೆ ಅದು ಮುಳುಗಿ ಮೀನು ಹಿಡಿಯುತ್ತದೆ. ಸ್ಪಾಟ್‌ಬಿಲ್‌ಗೆ ಅದು ಊಟವಿಲ್ಲದ ಮನೆ. ಇದರ ಇನ್ನೊಂದು ತುದಿ ಕೊಳಚೆ ಸೇರಿ ಅಂತರಗಂಗೆ ಕಿಕ್ಕಿರಿದ ಕೆರೆ. ಅಲ್ಲಿ ತೆಳುನೀರು ಇದ್ದರೂ ಇಳಿಯಲು ಬಯಲಿಲ್ಲ. ನಿಮ್ಮೂರ ಕೆರೆಯಲ್ಲಿ ಈ ಬಾತು ಇಲ್ಲದಿದ್ದರೆ ಮೊದಲು ಅಂಚು ನೋಡಿ.

ಹಗಲೆಲ್ಲ ಮಲಗುವ ಬಾತನ್ನು ಸೋಮಾರಿ ಅನ್ನಬೇಡಿ. ಜನ, ನಾಯಿ, ಹದ್ದುಗಳ ಕಾಟ ಇರುವ ಕಡೆ ಇವು ಸಂಜೆ ಮತ್ತು ರಾತ್ರಿಯೇ ಮೇಯುವುದು. ಸೂರ್ಯ ಮುಳುಗುವ ಹೊತ್ತಿಗೆ ಏರಿಯ ಮೇಲೆ ನಿಂತರೆ ಜೋಡಿ ಜೋಡಿಯಾಗಿ ಗದ್ದೆ ಬಯಲಿನ ಕಡೆ ಹೋಗುವುದು ಕಾಣುತ್ತದೆ. ನಡುನಡುವೆ ಕೊಕ್ಕನ್ನು ಬಾಲದ ಬುಡಕ್ಕೆ ಒತ್ತಿ ಮೈಯೆಲ್ಲ ತೀಡುತ್ತವೆ. ಬಾಲದ ಬುಡದಲ್ಲಿ ಎಣ್ಣೆ ಗ್ರಂಥಿ ಇದೆ. ಆ ಎಣ್ಣೆ ಹಚ್ಚಿ ಗರಿಗಳನ್ನು ಸರಿಯಾಗಿ ಜೋಡಿಸಿಕೊಂಡರೇ ನೀರು ಒಳಗೆ ಇಳಿಯದೆ ಇರುವುದು.

ಗೂಡು, ಮೊಟ್ಟೆ, ಮರಿ

ಉತ್ತರ ಭಾರತದಲ್ಲಿ ಇದು ಮರಿ ಮಾಡುವುದು ಮುಖ್ಯವಾಗಿ ಜುಲೈಯಿಂದ ಸೆಪ್ಟೆಂಬರ್. ದಕ್ಷಿಣದಲ್ಲಿ ನವೆಂಬರ್, ಡಿಸೆಂಬರ್ ಹೊತ್ತಿಗೆ. ಮಳೆ ಬಂದು ಕೆರೆ ತುಂಬುವುದರ ಮೇಲೆ ಇದು ಹಿಂದೆ ಮುಂದೆ ಆಗುತ್ತದೆ. ಗೂಡು ನೆಲದ ಮೇಲೆ, ನೀರಿಗೆ ಹತ್ತಿರದ ಹುಲ್ಲು, ಜೊಂಡಿನ ಮರೆಯಲ್ಲಿ. ಮೊಟ್ಟೆ 8ರಿಂದ 14. ಎಲ್ಲ ಇಟ್ಟು ಮುಗಿದ ಮೇಲೆ ಕಾವಿಗೆ ಕೂರುತ್ತದೆ. ಹಾಗಾಗಿ ಮೊದಲ ಮೊಟ್ಟೆ, ಕೊನೆಯ ಮೊಟ್ಟೆ ಎಲ್ಲವೂ ಸುಮಾರು ಒಂದೇ ಹೊತ್ತಿಗೆ ಒಡೆಯುತ್ತವೆ. ಕಾವು ಸುಮಾರು 24 ದಿನ. ಮರಿಗಳು ಒಣಗಿ ಮೈ ಗಟ್ಟಿಯಾದ ಕೂಡಲೇ ತಾಯಿಯ ಹಿಂದೆ ನೀರಿಗೆ ಇಳಿಯುತ್ತವೆ. ತಾಯಿ ಗುಟುಕು ಕೊಡುವುದಿಲ್ಲ, ಅವೇ ಹುಡುಕಿ ತಿನ್ನುತ್ತವೆ. ಆಕೆಯ ಕೆಲಸ ಕಾಯುವುದು, ದಾರಿ ತೋರಿಸುವುದು.

ಮರಿ ಇರುವ ತಾಯಿಯನ್ನು ಕಂಡರೆ ಇದ್ದಲ್ಲೇ ನಿಲ್ಲಿ. ಕತ್ತು ನೆಟ್ಟಗೆ ಮಾಡಿದೆ, ಮರಿಗಳನ್ನು ಒಟ್ಟು ಸೇರಿಸುತ್ತಿದೆ, ನಿಮ್ಮಿಂದ ದೂರ ಈಜುತ್ತಿದೆ ಅಂದರೆ ನೀವು ಆಗಲೇ ಹತ್ತಿರ ಬಂದಾಗಿದೆ ಎಂದರ್ಥ. ಗೂಡು ಹುಡುಕಿಕೊಂಡು ಜೊಂಡಿನೊಳಗೆ ಹೋಗುವುದಂತೂ ಬೇಡವೇ ಬೇಡ. ನೀವು ತುಳಿದ ದಾರಿಯಲ್ಲೇ ಬೀದಿನಾಯಿ ಬರುತ್ತದೆ. ಬ್ರೆಡ್, ಮಂಡಕ್ಕಿ ಹಾಕುವುದೂ ಬೇಡ. ಕಾಡುಬಾತನ್ನು ಹಿಡಿಯುವುದು, ಕೊಲ್ಲುವುದು, ಮೊಟ್ಟೆ ಎತ್ತುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಸತ್ತ ಬಾತುಗಳು ಒಟ್ಟಿಗೆ ಕಂಡರೆ ಮುಟ್ಟಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. 2019ರಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಬಾಟ್ಯುಲಿಸಂ (ಬ್ಯಾಕ್ಟೀರಿಯಾದ ವಿಷದಿಂದ ಬರುವ ಕಾಯಿಲೆ) ಬಂದು ಸಾವಿರಾರು ನೀರುಹಕ್ಕಿಗಳು ಸತ್ತಿದ್ದವು. ಇಂಥದ್ದರಲ್ಲಿ ಬೇಗ ಗೊತ್ತಾದಷ್ಟೂ ಒಳ್ಳೆಯದು.

ಬರೆದಿಡುವುದು

ಒಂದೇ ಕೆರೆ, ತಿಂಗಳಿಗೆ ಒಂದು ಸಲವಾದರೂ, ಒಂದೇ ಜಾಗದಿಂದ. ಇದು ಹತ್ತು ಕೆರೆ ಸುತ್ತುವುದಕ್ಕಿಂತ ಹೆಚ್ಚು ಕಲಿಸುತ್ತದೆ. ತಾರೀಕು, ಹೊತ್ತು, ನೀರಿನ ಮಟ್ಟ, ಎಷ್ಟು ಬಾತು, ಎಷ್ಟು ಮರಿ, ಏನು ಮಾಡುತ್ತಿದ್ದವು. ನೀರಿನ ಮಟ್ಟ ಬರೆಯಲು ತೂಬಿನ ಕಲ್ಲನ್ನೋ ಕೋಡಿಯನ್ನೋ ಗುರುತಿಗೆ ಇಟ್ಟುಕೊಳ್ಳಿ. ಗುಂಪು ದೊಡ್ಡದಿದ್ದರೆ ಮೊದಲು ಹತ್ತು ಹಕ್ಕಿ ಎಣಿಸಿ. ಅವು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಳತೆ ಮಾಡಿ, ಅಂಥ ಎಷ್ಟು ಹತ್ತುಗಳಿವೆ ಎಂದು ಲೆಕ್ಕ ಹಾಕಿ. ಹಕ್ಕಿ ನೋಡುವವರು ಲೆಕ್ಕ ಸೇರಿಸುವ ಇ-ಬರ್ಡ್ ಜಾಲತಾಣಕ್ಕೆ ಹಾಕಿದರೆ ನಿಮ್ಮ ಲೆಕ್ಕ ಬೇರೆಯವರಿಗೂ ಸಿಗುತ್ತದೆ. ಜನವರಿಯಲ್ಲಿ ಏಷ್ಯನ್ ನೀರುಹಕ್ಕಿ ಗಣತಿ ನಡೆಯುತ್ತದೆ. 1987ರಿಂದ ನಡೆದುಕೊಂಡು ಬಂದಿರುವ ಗಣತಿ ಅದು. ಹೊಸಬರನ್ನೂ ಸೇರಿಸಿಕೊಳ್ಳುತ್ತಾರೆ.

ಸುಲಭಕ್ಕೆ ಹೊಂದದ ಬಾತು ಸಿಕ್ಕರೆ

ಒಮ್ಮೊಮ್ಮೆ ಎಲ್ಲವೂ ಸರಿ ಇದ್ದು ಏನೋ ಒಂದು ತಪ್ಪಿದಂತಿರುತ್ತದೆ. ಎದೆಯಲ್ಲಿ ಬಿಳಿ ತೇಪೆ, ಭಾರದ ಮೈ, ಜನರನ್ನು ಕಂಡರೆ ಹತ್ತಿರ ಬರುವ ಸ್ವಭಾವ ಇದ್ದರೆ ಸಾಕುಬಾತು ಅಥವಾ ಅದರ ಬೆರಕೆ ಎಂದು ಅನುಮಾನಿಸಿ. ಸಾಕುಬಾತಿನ ಮೂಲ ಮಲ್ಲಾರ್ಡ್ ಎಂಬ ಕಾಡುಬಾತು. ಅದಕ್ಕೂ ಸ್ಪಾಟ್‌ಬಿಲ್‌ಗೂ ಹತ್ತಿರದ ನಂಟು, ಕೂಡಿ ಮರಿ ಮಾಡಬಲ್ಲವು. ಕೆರೆಗೆ ಸಾಕುಬಾತು ತಂದು ಬಿಡುವುದು ಬೇಡ ಎನ್ನುವುದು ಇದಕ್ಕೇ.

ಇನ್ನೊಂದು ಬಗೆ ಈಶಾನ್ಯದ ಕಡೆ ಹೋಗುವವರಿಗೆ. ಅಲ್ಲಿ ಪೂರ್ವ ಏಷ್ಯಾದ ಸ್ಪಾಟ್‌ಬಿಲ್ ಸಿಗಬಹುದು. ಮೊದಲು ಇವೆರಡನ್ನೂ ಒಂದೇ ಪ್ರಭೇದ ಅಂತ ಲೆಕ್ಕ ಹಾಕುತ್ತಿದ್ದರು, ಈಗ ಬೇರೆ ಮಾಡಿದ್ದಾರೆ. ಅದಕ್ಕೂ ಕೊಕ್ಕಿನ ತುದಿ ಹಳದಿ. ಆದರೆ ಬುಡದಲ್ಲಿ ಕೆಂಪು ಚುಕ್ಕೆ ಇಲ್ಲ, ಕೆನ್ನೆಯ ಮೇಲೆ ಇನ್ನೊಂದು ಕಪ್ಪು ಪಟ್ಟಿ ಇದೆ, ಸ್ಪೆಕ್ಯುಲಂ ಹಸಿರಲ್ಲ, ನೀಲಿ. ಬರೀ ಚುಕ್ಕೆ ಇಲ್ಲ ಅನ್ನುವುದನ್ನೇ ನಂಬಿ ಹೆಸರು ಬರೆಯಬೇಡಿ. ಅಸ್ಸಾಂ, ಮಯನ್ಮಾರ್ ಕಡೆಯ ನಮ್ಮ ಬಾತಿನ ಉಪಜಾತಿಗೂ ಚುಕ್ಕೆ ಸಣ್ಣದಿರುತ್ತದೆ, ಕೆಲವಕ್ಕೆ ಇರುವುದೇ ಇಲ್ಲ. ಕೆನ್ನೆಯ ಪಟ್ಟಿ ಕಾಣುವಂತೆ ಬದಿಯಿಂದ ಒಂದು ಫೋಟೋ, ಹಾರುವಾಗ ರೆಕ್ಕೆ ಬಿಚ್ಚಿದ ಒಂದು ಫೋಟೋ. ಎರಡೂ ಸಿಕ್ಕ ಮೇಲೆ ಹೆಸರು ಬರೆಯಿರಿ.